ಕಹಿಯೋ, ಘಮವೋ? ಒಂದು ಕ್ಯಾನ್ ಪೇಲ್ ಏಲ್ ಮುಂದಿಟ್ಟುಕೊಂಡು

ಹಿಂದಿನ ಸಂಚಿಕೆಯಲ್ಲಿ ಒಬ್ಬರು, ಕಹಿ ಮತ್ತು ಘಮ ಕೊಡುವ ಹಾಪ್ಸ್ ಜಾಸ್ತಿ ಹಾಕಿದ ಪೇಲ್ ಏಲ್ ಅನ್ನುವ ಬಗೆಯ ಬಿಯರ್ ಬಗ್ಗೆ ಎರಡು ಸಾಲು ಕೇಳಿದ್ದರು. ನಾನು ನಾಲ್ಕು ಸಾಲು ಉತ್ತರ ಬರೆದು ಕೈ ತೊಳೆದುಕೊಂಡಿದ್ದೆ. ಆಮೇಲೆ ಬಂದ ಪತ್ರಗಳನ್ನು ನೋಡಿದರೆ ಆ ನಾಲ್ಕು ಸಾಲು ಯಾರಿಗೂ ಸಾಲಲಿಲ್ಲ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಅದಕ್ಕೇ, ಬೇರೆ ಪ್ರಶ್ನೆ ಕಳಿಸಿದವರು ಮುಂದಿನ ತಿಂಗಳವರೆಗೆ ಸ್ವಲ್ಪ ತಡೆದುಕೊಳ್ಳಿ. ಕುಡಿಯದವರನ್ನು ಕುಡಿಯಲು ಕರೆಯುವ ಉದ್ದೇಶ ನನಗಿಲ್ಲ. ಕುಡಿಯುವವರು ಏನು ಕುಡಿಯುತ್ತಿದ್ದೇವೆ ಅಂತ ಗಮನ ಕೊಡಲಿ, ಅಷ್ಟೇ.

ಪ್ರಶ್ನೆ: ಸರ್, ಗೆಳೆಯರೆಲ್ಲ ಒಂದು ಪೇಲ್ ಏಲನ್ನು ಹೊಗಳಿದ್ದೇ ಹೊಗಳಿದ್ದು. ನನಗೆ ಮಾತ್ರ ಕಷಾಯ ಕುಡಿದ ಹಾಗಾಯಿತು. ಕ್ಯಾನ್ ಮೇಲೆ ಐಬಿಯು 45 ಅಂತ ಇತ್ತು. ಕೆಟ್ಟಿರುವುದು ಬಿಯರೋ, ನನ್ನ ನಾಲಿಗೆಯೋ?

ಎರಡೂ ನೆಟ್ಟಗೇ ಇರಬಹುದು. ಮೊದಲು ಆ ಐಬಿಯು 45ರ, ಅಂದರೆ ಕಹಿಯ ಅಳತೆಯ, ವಿಷಯ ನೋಡೋಣ.

ಹಾಪ್ಸ್ ಅಂದರೆ ಒಂದು ಬಳ್ಳಿಯ ಹೆಣ್ಣು ಹೂಗೊಂಚಲು. ಅದರ ಎಸಳುಗಳ ಬುಡದಲ್ಲಿ ಅಂಟಂಟಾದ ಹಳದಿ ಪುಡಿ ಇರುತ್ತದೆ, ಹೆಸರು ಲುಪುಲಿನ್. ಕಹಿ ಕೊಡುವ ಆಲ್ಫಾ ಆಮ್ಲಗಳೂ ಘಮ ಕೊಡುವ ಎಣ್ಣೆಗಳೂ ಆ ಪುಡಿಯೊಳಗೇ ಇರುವುದು. ಮಜಾ ಏನೆಂದರೆ ಇವೆರಡಕ್ಕೂ ಒಂದಕ್ಕೊಂದು ಆಗಿಬರುವುದಿಲ್ಲ. ಕಹಿ ಚೆನ್ನಾಗಿ ಇಳಿಯಬೇಕಾದರೆ ಹಾಪ್ಸನ್ನು ಸುಮಾರು ಒಂದು ಗಂಟೆ ಕುದಿಸಬೇಕು, ಆಗ ಆಲ್ಫಾ ಆಮ್ಲ ರೂಪ ಬದಲಿಸಿ ಐಸೋ ಆಲ್ಫಾ ಆಮ್ಲವಾಗುತ್ತದೆ. ಆದರೆ ಅಷ್ಟು ಹೊತ್ತು ಕುದಿಸಿದರೆ ಘಮದ ಎಣ್ಣೆಗಳು ಆವಿಯ ಜೊತೆ ಹೊರಟೇ ಹೋಗುತ್ತವೆ. ಅದಕ್ಕೇ ಕಹಿಗೆ ಬೇಕಾದಷ್ಟನ್ನು ಮೊದಲೇ ಹಾಕಿ, ಘಮಕ್ಕೆ ಬೇಕಾದ್ದನ್ನು ಕುದಿತದ ಕೊನೆಯಲ್ಲಿ, ಇಲ್ಲವೇ ಹುದುಗುವಾಗಲೋ ಹುದುಗಿದ ಮೇಲೋ ತಣ್ಣಗೆ ಹಾಕುತ್ತಾರೆ. ಈ ತಣ್ಣಗೆ ಹಾಕುವುದಕ್ಕೆ ಡ್ರೈ ಹಾಪಿಂಗ್ ಅನ್ನುತ್ತಾರೆ.

ಒಂದು ಐಬಿಯು ಅಂದರೆ ಲೀಟರಿಗೆ ಸುಮಾರು ಒಂದು ಮಿಲಿಗ್ರಾಂ ಐಸೋ ಆಲ್ಫಾ ಆಮ್ಲ. ಬಿಯರ್ ತೀರ್ಪುಗಾರರ ಸಂಸ್ಥೆ ಬಿಜೆಸಿಪಿಯ ಮಾರ್ಗಸೂಚಿಯಲ್ಲಿ ಅಮೆರಿಕನ್ ಪೇಲ್ ಏಲ್‌ಗೆ 30ರಿಂದ 50 ಅಂತಿದೆ. ಅಂದರೆ ನಿಮ್ಮದು ಸ್ವಲ್ಪ ಮೇಲಿನ ಕಡೆಯದು, ಆದರೂ ಬೇಲಿಯೊಳಗೇ ಇದೆ. ಆದರೆ ಈ ಅಂಕಿ ನೋಡಿ ಬಾಯಿಗೆ ಎಷ್ಟು ಕಹಿ ಅಂತ ಹೇಳಲಾಗದು. ಮಾಲ್ಟಿನ (ಮೊಳಕೆ ಬರಿಸಿ ಒಣಗಿಸಿದ ಧಾನ್ಯದ) ಸಿಹಿ ಜಾಸ್ತಿ ಉಳಿದಿದ್ದರೆ 60 ಕೂಡ ಮೆತ್ತಗೆ ಅನಿಸುತ್ತದೆ. ತೆಳ್ಳಗೆ, ಒಣಕಲಾಗಿ ಮುಗಿಯುವ ಬಿಯರಿನಲ್ಲಿ 35 ಕೂಡ ಚುಚ್ಚುತ್ತದೆ. ನೀರಿನಲ್ಲಿ ಸಲ್ಫೇಟ್ ಜಾಸ್ತಿ ಇದ್ದರೆ ಕಹಿಗೆ ಇನ್ನೂ ಮೊನೆ ಬರುತ್ತದೆ. ಮೇಲಾಗಿ ಎಷ್ಟೋ ಕ್ಯಾನ್‌ಗಳ ಮೇಲಿನ ಐಬಿಯು ಅಳೆದದ್ದಲ್ಲ, ಲೆಕ್ಕ ಹಾಕಿ ಬರೆದದ್ದು.

ಇನ್ನು ನಾಲಿಗೆ. ಕಹಿಯನ್ನು ಹಿಡಿಯುವ ಗ್ರಾಹಕಗಳೇ ನಮ್ಮಲ್ಲಿ ಸುಮಾರು 25 ಬಗೆ ಇವೆ, ಅವು ಎಲ್ಲರಲ್ಲೂ ಒಂದೇ ಹದದಲ್ಲಿ ಕೆಲಸ ಮಾಡುವುದಿಲ್ಲ. ನಿಮ್ಮ ಗೆಳೆಯರಿಗೆ ಹಿತ ಅನಿಸಿದ್ದು ನಿಮಗೆ ನಿಜವಾಗಿಯೂ ಕಷಾಯವೇ ಆಗಿರಬಹುದು. ಅದು ಸೊಕ್ಕೂ ಅಲ್ಲ, ಅನುಭವದ ಕೊರತೆಯೂ ಅಲ್ಲ. ಆದರೆ ಒಂದು ಮಾತು. ಮೊದಲ ಗುಟುಕಿನ ತೀರ್ಪನ್ನು ನಂಬಬೇಡಿ. ಎಷ್ಟೋ ಸಲ ಅದು ಅತಿ ಕಹಿ ಅನಿಸುತ್ತದೆ. ಮೂರನೆಯದು ಹೇಗಿತ್ತು ಅಂತ ನೋಡಿ. ಆಗಲೂ ಬೇಡ ಅನಿಸಿದರೆ ನಿಮಗೆ ಬೇಡ, ಮುಗಿಯಿತು. "ನನಗೆ ಇಷ್ಟವಾಗಲಿಲ್ಲ" ಅನ್ನುವುದೂ "ಇದು ಸರಿಯಾಗಿ ಆಗಿಲ್ಲ" ಅನ್ನುವುದೂ ಬೇರೆ ಬೇರೆ ಮಾತು. ಕೆಳಗಿನ ಉತ್ತರಗಳಲ್ಲಿ ನಾನು ಹೇಳುವುದೆಲ್ಲ ಈ ಎರಡನೆಯದರ ಬಗ್ಗೆ.

ಪ್ರಶ್ನೆ: ಕ್ಯಾನಿನಿಂದಲೇ ಕುಡಿದರೆ ಏನು ತಪ್ಪು? ಗ್ಲಾಸಿಗೆ ಸುರಿಯಿರಿ ಅನ್ನುವುದು ಸುಮ್ನೆ ಶೋಕಿ ಅಲ್ವಾ?

ಬಾಯಾರಿಕೆಗೆ ಕುಡಿಯುವುದಾದರೆ ಏನೂ ತಪ್ಪಿಲ್ಲ. ತೂಗಿ ನೋಡುವುದಾದರೆ ಗ್ಲಾಸ್ ಬೇಕೇ ಬೇಕು. ಕಾರಣ ಮೂಗು. ಹಾಪ್ಸಿನ ಬಿಯರಿನಲ್ಲಿ ಅರ್ಧಕ್ಕಿಂತ ಹೆಚ್ಚು ಸಂಗತಿ ಮೂಗಿನದು. ಕ್ಯಾನಿನ ಆ ಸಣ್ಣ ಬಾಯಿಗೆ ತುಟಿ ಹಚ್ಚಿದರೆ ಮೂಗಿಗೆ ಸಿಗುವುದು ತಗಡಿನ ಮುಚ್ಚಳ ಮಾತ್ರ.

ಇದಕ್ಕೆ ಎದುರು ವಾದ ಇಲ್ಲದಿಲ್ಲ. ಅಮೆರಿಕದ ವರ್ಮಾಂಟ್ ರಾಜ್ಯದ ಹೆಡಿ ಟಾಪರ್ ಅನ್ನುವ ಹೆಸರುವಾಸಿ ಬಿಯರಿನ ಕ್ಯಾನ್ ಮೇಲೆಯೇ "ಕ್ಯಾನಿನಿಂದಲೇ ಕುಡಿಯಿರಿ" ಅಂತ ಅಚ್ಚು ಹಾಕಿದ್ದಾರೆ. ಗ್ಲಾಸಿಗೆ ಸುರಿದರೆ ಘಮ ಹಾರಿಹೋಗುತ್ತದೆ ಅನ್ನುವುದು ಅವರ ವಾದ. ಮಾಡಿದವರ ಮಾತು, ಅಲ್ಲಗಳೆಯುವುದಿಲ್ಲ. ಆದರೆ ಹಾರಿಹೋಗುವ ಆ ಘಮವೇ ಅಲ್ವಾ ನಮ್ಮ ಮೂಗಿಗೆ ಬೇಕಾದದ್ದು? ನಾನಂತೂ ಸುರಿಯುತ್ತೇನೆ.

ಗ್ಲಾಸ್ ದುಬಾರಿಯದು ಬೇಡ, ಬಾಯಿ ಸ್ವಲ್ಪ ಒಳಕ್ಕೆ ಬಾಗಿದ್ದರೆ ಸಾಕು. ಆದರೆ ಜಿಡ್ಡಾಗಲಿ ಸೋಪಾಗಲಿ ಒಂದು ಚೂರೂ ಇರಬಾರದು. ಎರಡೂ ನೊರೆಯನ್ನು ಕೊಲ್ಲುತ್ತವೆ. ಸುರಿದ ಮೇಲೆ ಗ್ಲಾಸಿನ ಒಳಗೋಡೆಗೆ ಸಾಲು ಸಾಲಾಗಿ ಗುಳ್ಳೆ ಅಂಟಿಕೊಂಡರೆ ಬಿಯರಿನ ಮೇಲೆ ತಪ್ಪು ಹೊರಿಸಬೇಡಿ, ಗ್ಲಾಸ್ ತೊಳೆದವರನ್ನು ಕೇಳಿ. ತಣ್ಣೀರಲ್ಲಿ ಒಮ್ಮೆ ಜಾಲಿಸಿ, ಓರೆ ಹಿಡಿದು ಸುರಿಯಲು ಶುರು ಮಾಡಿ, ಅರ್ಧ ಆದ ಮೇಲೆ ನೆಟ್ಟಗೆ ಹಿಡಿಯಿರಿ. ಎರಡು ಬೆರಳು ನೊರೆ ನಿಲ್ಲಲಿ.

ಫ್ರೀಜರಿನಲ್ಲಿಟ್ಟ ಗ್ಲಾಸ್ ಮಾತ್ರ ಬೇಡವೇ ಬೇಡ. 7ರಿಂದ 10 ಡಿಗ್ರಿ ಸೆಲ್ಸಿಯಸ್ ಒಳ್ಳೆಯದು. ಅದಕ್ಕಿಂತ ತಣ್ಣಗಿದ್ದರೆ ಘಮ ಮೇಲೇಳುವುದಿಲ್ಲ, ನಾಲಿಗೆಯೂ ಮರಗಟ್ಟುತ್ತದೆ. ಫ್ರಿಜ್ಜಿನಿಂದ ತೆಗೆದು ಹತ್ತು ನಿಮಿಷ ಸುಮ್ಮನೆ ಇಡಿ. ಆ ಹತ್ತು ನಿಮಿಷ ಕಾಯುವುದೇ ಕಷ್ಟ ಅಂತ ಗೊತ್ತು.

ಪ್ರಶ್ನೆ: ನಮ್ಮದು ಮನೆಯಲ್ಲೇ ಬಿಯರ್ ಮಾಡುವವರ ಸಣ್ಣ ಗುಂಪು. ಮುಂದಿನ ತಿಂಗಳು ಪೇಲ್ ಏಲ್ ಸ್ಪರ್ಧೆ ಇದೆ, ನನ್ನನ್ನು ತೀರ್ಪುಗಾರ್ತಿಯಾಗಿ ಕೂರಿಸಿದ್ದಾರೆ. ಅಂಕ ಹೇಗೆ ಕೊಡಬೇಕು ಅಂತಲೇ ಗೊತ್ತಿಲ್ಲ. ಸ್ವಲ್ಪ ವಿವರವಾಗಿ ಹೇಳುತ್ತೀರಾ?

ಒಳ್ಳೆಯ ಕಡೆ ಸಿಕ್ಕಿಹಾಕಿಕೊಂಡಿದ್ದೀರಿ. ಹೆದರಬೇಡಿ ಮೇಡಂ, ಹೇಳುತ್ತೇನೆ.

1985ರಲ್ಲಿ ಶುರುವಾದ ಬಿಜೆಸಿಪಿಯ ಹಾಳೆಯನ್ನೇ ಬಳಸಿ, ಹೊಸದೊಂದು ಕಂಡುಹಿಡಿಯುವ ಅಗತ್ಯವಿಲ್ಲ. ಒಟ್ಟು 50 ಅಂಕ. ವಾಸನೆಗೆ 12, ನೋಟಕ್ಕೆ 3, ರುಚಿಗೆ 20, ಬಾಯಿಯಲ್ಲಿ ಹೇಗೆ ಕೂರುತ್ತದೆ ಅನ್ನುವುದಕ್ಕೆ 5, ಒಟ್ಟಾರೆಗೆ 10. ನೋಟಕ್ಕೆ ಬರೀ ಮೂರು ಯಾಕೆ ಅಂತ ಕೇಳುವವರಿದ್ದಾರೆ. ಸರಿಯಾಗೇ ಇದೆ ಅನ್ನುತ್ತೇನೆ ನಾನು, ಬಣ್ಣ ನೋಡಿ ಮರುಳಾಗುವುದು ನಮಗೆ ಮೊದಲೇ ಅಭ್ಯಾಸ. 30 ದಾಟಿದರೆ ತುಂಬ ಒಳ್ಳೆಯದು, 38 ದಾಟಿದರೆ ಅತ್ಯುತ್ತಮ, 45ರ ಮೇಲೆ ಕೊಡುವಾಗ ಕೈ ಸ್ವಲ್ಪ ನಡುಗಲಿ.

ಕ್ಯಾನ್ ತೆರೆದು ನೂರು ಮಿಲಿಲೀಟರಿನಷ್ಟು ಸುರಿದ ತಕ್ಷಣ ಮೂಸಿ. ನೋಡುವುದು, ಬರೆಯುವುದು ಎಲ್ಲ ಆಮೇಲೆ. ಹಾಪ್ಸಿನ ಕೆಲವು ವಾಸನೆ ಮೊದಲ ಒಂದೆರಡು ನಿಮಿಷದಲ್ಲೇ ಎದ್ದು ಹೋಗಿರುತ್ತದೆ. ದೀರ್ಘವಾಗಿ ಎಳೆಯಬೇಡಿ, ನಾಯಿ ಮೂಸುವ ಹಾಗೆ ಚಿಕ್ಕ ಚಿಕ್ಕದಾಗಿ ಎರಡು ಮೂರು ಸಲ. ಏನೂ ಸಿಗದಿದ್ದರೆ ಗ್ಲಾಸಿನ ಬಾಯಿಗೆ ಅಂಗೈ ಮುಚ್ಚಿ, ಒಮ್ಮೆ ತಿರುಗಿಸಿ, ಕೈ ತೆಗೆದು ಮತ್ತೆ ಮೂಸಿ.

ಬರೆಯುವಾಗ "ಹಣ್ಣಿನ ವಾಸನೆ" ಅಂತ ಬರೆದು ಮುಗಿಸಬೇಡಿ. ಯಾವ ಹಣ್ಣು? ನಿಂಬೆಯಾದರೆ ರಸವೋ ಸಿಪ್ಪೆಯೋ? ಕಿತ್ತಳೆಯಾದರೆ ಆಗ ತಾನೇ ಸುಲಿದದ್ದೋ, ಎರಡು ದಿನ ಮೇಜಿನ ಮೇಲೆ ಬಿದ್ದಿದ್ದೋ? ಚಕ್ಕೋತವೋ, ಮಾವೋ, ಪೈನ್ ಮರದ ರಾಳವೋ, ಆಗಷ್ಟೇ ಕೊಯ್ದ ಹುಲ್ಲೋ? 1972ರಲ್ಲಿ ಬಿಡುಗಡೆಯಾದ ಕ್ಯಾಸ್ಕೇಡ್ ಅನ್ನುವ ಹಾಪ್ಸ್ ತಳಿಯಿಂದ ಚಕ್ಕೋತದ ಸಿಪ್ಪೆ ಮತ್ತು ಹೂವಿನ ವಾಸನೆ ಬರುತ್ತದೆ. ಕ್ಯಾಲಿಫೋರ್ನಿಯಾದ ಚಿಕೋ ಊರಿನಲ್ಲಿ ಸಿಯೆರಾ ನೆವಾಡ ಬ್ರೂವರಿಯವರು 1980ರಲ್ಲಿ ಮಾಡಲು ಶುರು ಮಾಡಿದ ಪೇಲ್ ಏಲ್ ಈ ತಳಿಯ ಮೇಲೇ ನಿಂತದ್ದು, ಇವತ್ತಿನ ಹಾಪ್ಸ್ ತುಂಬಿದ ಪೇಲ್ ಏಲ್‌ಗಳೆಲ್ಲ ಹೆಚ್ಚು ಕಡಿಮೆ ಅದರ ಮಕ್ಕಳು ಮೊಮ್ಮಕ್ಕಳು. ಆಮೇಲೆ ಬಂದ ಸಿಟ್ರಾ ಮಾವು, ಲಿಚಿ ಕಡೆಗೆ ಹೋಗುತ್ತದೆ. ಸಿಮ್ಕೋದಲ್ಲಿ ರಾಳ ಜಾಸ್ತಿ. ನ್ಯೂಜಿಲೆಂಡಿನ ನೆಲ್ಸನ್ ಸೋವಿನ್ ಅಂತೂ ಬಿಳಿ ದ್ರಾಕ್ಷಿಯ ವೈನನ್ನೇ ನೆನಪಿಸುತ್ತದೆ. ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆ: ತೀರ್ಪಿನ ಹಾಳೆಯಲ್ಲಿ ತಳಿಯ ಹೆಸರು ಊಹಿಸಿ ಬರೆಯಲು ಹೋಗಬೇಡಿ. ಹತ್ತರಲ್ಲಿ ಏಳು ಸಲ ನಾನು ತಪ್ಪಿದ್ದೇನೆ. ನಿಮ್ಮ ಕೆಲಸ ಏನು ಸಿಕ್ಕಿತು ಅಂತ ಹೇಳುವುದು, ಅವರು ಏನು ಹಾಕಿದರು ಅಂತ ಅಲ್ಲ.

ಮೂಸಿದ ಮೇಲೆ ಬೆಳಕಿಗೆ ಹಿಡಿದು ಬಣ್ಣ, ನೊರೆ ನೋಡಿ. ಆಮೇಲೆ ಬಾಯಿ ತುಂಬ ಅಲ್ಲ, ನಾಲಿಗೆ ಪೂರ್ತಿ ನೆನೆಯುವಷ್ಟು ಒಂದು ಗುಟುಕು. ನಾಲಿಗೆಯ ತುದಿಗೆ ಸಿಹಿ, ಬುಡಕ್ಕೆ ಕಹಿ ಅನ್ನುವ ಹಳೆಯ ನಕ್ಷೆ ನೆನಪಿದೆಯಾ? 1901ರ ಒಂದು ಜರ್ಮನ್ ಪ್ರಬಂಧವನ್ನು ಆಮೇಲಿನವರು ತಪ್ಪಾಗಿ ಓದಿದ್ದರಿಂದ ಹರಡಿದ ಕಥೆ ಅದು. ಎಲ್ಲ ರುಚಿಯೂ ನಾಲಿಗೆಯ ಎಲ್ಲ ಕಡೆಯೂ ಗೊತ್ತಾಗುತ್ತದೆ. ಹಾಗಾಗಿ ಬಿಯರನ್ನು ಬಾಯಿಯ ಸುತ್ತ ಆಡಿಸಿ, ನುಂಗಿ, ತುಟಿ ಮುಚ್ಚಿ ಮೂಗಿನಿಂದ ಉಸಿರು ಬಿಡಿ. ಗಂಟಲ ಹಿಂದಿನಿಂದ ಮೂಗಿಗೆ ಏರುವ ಆ ಎರಡನೇ ವಾಸನೆಯನ್ನೇ ನಾವು ದಿನವೂ ರುಚಿ ಅಂತ ಕರೆಯುವುದು. ಮೂಸಿದಾಗ ಮಾವು ಬಂದು, ಉಸಿರು ಬಿಟ್ಟಾಗ ಬರೀ ಹುಲ್ಲು ಬಂದರೆ ಅದನ್ನೂ ಬರೆಯಿರಿ, ಮಾಡಿದವರಿಗೆ ಅದು ತುಂಬ ಬೆಲೆಯ ಮಾತು.

ಆಮೇಲೆ ಸುಮ್ಮನೆ ಕುಳಿತು ಇಪ್ಪತ್ತು ಎಣಿಸಿ. ಒಳ್ಳೆಯ ಕಹಿ ಬಂದು, ನಿಂತು, ಮೆಲ್ಲಗೆ ಇಳಿದು ಹೋಗುತ್ತದೆ, ಹೋದ ಮೇಲೆ ಇನ್ನೊಂದು ಗುಟುಕು ಬೇಕು ಅನಿಸುತ್ತದೆ. ಕೆಟ್ಟ ಕಹಿ ನಾಲಿಗೆಯ ಹಿಂದೆ ಅಂಟಿಕೊಂಡು ಕೆರೆಯುತ್ತದೆ. ಕಹಿಗೂ ಒಗರಿಗೂ ಇರುವ ವ್ಯತ್ಯಾಸ ಇಲ್ಲೇ ತಿಳಿಯುವುದು. ಒಗರು ರುಚಿಯಲ್ಲ, ಸ್ಪರ್ಶ. ಚಹಾ ಎಲೆಯನ್ನು ಹೆಚ್ಚು ಹೊತ್ತು ನೆನೆಸಿಟ್ಟಾಗ ಹಲ್ಲು, ಕೆನ್ನೆಯ ಒಳಭಾಗ ಒಣಗಿದ ಹಾಗಾಗುತ್ತದಲ್ಲ, ಅದು. ಡ್ರೈ ಹಾಪ್ಸನ್ನು ಕೈಬಿಚ್ಚಿ ಸುರಿದವರ ಬಿಯರಿನಲ್ಲಿ ಇದು ಸಾಮಾನ್ಯ.

ಮತ್ತೆ ಮಾಲ್ಟನ್ನು ಹುಡುಕಿ. ಹಾಪ್ಸಿನ ಗದ್ದಲದಲ್ಲಿ ಎಲ್ಲರೂ ಮರೆಯುವುದು ಇದನ್ನೇ. ಪೇಲ್ ಏಲ್‌ನಲ್ಲಿ ಹಾಪ್ಸ್ ಮುಂದೆ ನಡೆಯಬೇಕು ಸರಿ, ಆದರೆ ಹಿಂದೆ ಬ್ರೆಡ್ಡೋ ಬಿಸ್ಕತ್ತೋ ಅನ್ನುವ ಹಾಗೆ ತೆಳುವಾದ ಧಾನ್ಯದ ಆಸರೆ ಇರಬೇಕು. ಅದಿಲ್ಲದಿದ್ದರೆ ಅದು ಹಾಪ್ಸಿನ ಚಹಾ. ಹಾಪ್ಸ್ ಇನ್ನೂ ಜಾಸ್ತಿ ಇರುವ ಐಪಿಎಗೂ (ಇಂಡಿಯಾ ಪೇಲ್ ಏಲ್) ಇದಕ್ಕೂ ಇರುವ ಗಡಿ ಕೂಡ ಇಲ್ಲೇ. ಮದ್ಯದ ಪ್ರಮಾಣ 4.5ರಿಂದ 6.2 ಶೇಕಡಾ ಇರಬೇಕು ಅನ್ನುತ್ತದೆ ಮಾರ್ಗಸೂಚಿ, ಗಂಟಲಲ್ಲಿ ಬಿಸಿ ತಾಗಿದರೆ ಏನೋ ಹೆಚ್ಚುಕಮ್ಮಿ ಆಗಿದೆ.

ಕೊನೆಯದಾಗಿ, ಹಾಳೆ ತುಂಬುವ ಮೊದಲು ಪಕ್ಕದವರ ಜೊತೆ ಮಾತಾಡಬೇಡಿ. ಒಮ್ಮೆ ನಾನು ಮೂಸುವ ಮೊದಲೇ ಪಕ್ಕದಲ್ಲಿದ್ದ ಹಿರಿಯರೊಬ್ಬರು "ಆಹಾ, ಮಾವು" ಅಂದರು. ಆಮೇಲೆ ನನಗೆ ಅವತ್ತಿನ ನಾಲ್ಕೂ ಬಿಯರಿನಲ್ಲಿ ಮಾವೇ ಬಂತು. ಅದರಲ್ಲಿ ಒಂದು ಕ್ಯಾಸ್ಕೇಡ್ ಬಿಟ್ಟು ಬೇರೇನೂ ಹಾಕದೆ ಮಾಡಿದ್ದು! ಒಂದು ಸುತ್ತಿಗೆ ಆರು ಬಿಯರ್ ಸಾಕು, ಕಡಿಮೆ ಹಾಪ್ಸಿನದು ಮೊದಲು, ನಡುವೆ ನೀರು ಮತ್ತು ಉಪ್ಪಿಲ್ಲದ ಬ್ರೆಡ್ ಚೂರು. ಕಹಿ ನಾಲಿಗೆಯ ಮೇಲೆ ಕೂಡುತ್ತಾ ಹೋಗುತ್ತದೆ, ಆರನೆಯವರು ಏನೂ ತಪ್ಪು ಮಾಡದೆ ಅಂಕ ಕಳೆದುಕೊಳ್ಳುತ್ತಾರೆ. ಆದ್ದರಿಂದ ಮುಗಿದ ಮೇಲೆ ಮೊದಲನೆಯದಕ್ಕೆ ಮತ್ತೆ ಒಂದು ಸಲ ಹೋಗಿ ಬನ್ನಿ. ಆ ದಿನ ಸೆಂಟ್ ಹಚ್ಚಿಕೊಂಡು ಹೋಗಬೇಡಿ.

ಪ್ರಶ್ನೆ: ಒಂದೇ ಕಂಪನಿ, ಒಂದೇ ಬಿಯರ್, ಎರಡು ಕ್ಯಾನ್. ಒಂದರಲ್ಲಿ ಕಿತ್ತಳೆ ಘಮ, ಇನ್ನೊಂದರಲ್ಲಿ ಒದ್ದೆ ರಟ್ಟಿನ ವಾಸನೆ. ಯಾವುದು ಅಸಲಿ?

ಎರಡೂ ಅಸಲಿ, ಎರಡನೆಯದು ಹಳೆಯದು. ಕ್ಯಾನನ್ನು ತಲೆಕೆಳಗು ಮಾಡಿ ತಳ ನೋಡಿ. ತುಂಬಿದ ದಿನಾಂಕ ನೇರವಾಗಿ ಬರೆದಿದ್ದರೆ ಪುಣ್ಯ. ಕೆಲವರು ಅಂಕಿಗಳ ಗುಟ್ಟು ಬರೆಯುತ್ತಾರೆ. ಉದಾಹರಣೆಗೆ 5123 ಅಂತಿದ್ದರೆ ಸಾಮಾನ್ಯವಾಗಿ ಮೊದಲ 5 ವರ್ಷದ ಕೊನೆಯ ಅಂಕಿ, 123 ಅಂದರೆ ಆ ವರ್ಷದ 123ನೇ ದಿನ, ಅಂದರೆ ಮೇ 3. "ಇಂಥ ದಿನದೊಳಗೆ ಕುಡಿಯಿರಿ" ಅಂತ ಮಾತ್ರ ಇದ್ದರೆ ಅದನ್ನು ಅಷ್ಟಾಗಿ ನಂಬುವುದಿಲ್ಲ ನಾನು. ಆ ಗಡುವು ಬಿಯರ್ ಹಾಳಾಗುವ ದಿನವನ್ನು ಹೇಳೀತು, ಘಮ ಹೋಗುವ ದಿನವನ್ನು ಹೇಳುವುದಿಲ್ಲ. ಘಮ ಬಹಳ ಮೊದಲೇ ಹೋಗಿರುತ್ತದೆ.

ಶತ್ರು ಆಮ್ಲಜನಕ. ಕ್ಯಾನ್ ತುಂಬಿ ಮುಚ್ಚಳ ಒತ್ತುವ ಆ ಕ್ಷಣದಲ್ಲಿ ಒಳಗೆ ಉಳಿದ ಆಮ್ಲಜನಕವನ್ನು ಬ್ರೂವರಿಯವರು ನೂರು ಕೋಟಿಗೆ ಇಷ್ಟು ಭಾಗ ಅಂತ ಲೆಕ್ಕ ಹಾಕುತ್ತಾರೆ, ಐವತ್ತಕ್ಕಿಂತ ಕೆಳಗಿಡಲು ಒದ್ದಾಡುತ್ತಾರೆ. ಆ ಅಷ್ಟು ಸಾಕು ಹಾಪ್ಸನ್ನು ಕೆಡಿಸಲು. ಮೊದಲು ಹಣ್ಣಿನ ಘಮ ಮಂಕಾಗುತ್ತದೆ. ಆಮೇಲೆ ಎಲ್ಲಿಂದಲೋ ಜೇನು, ಟಾಫಿಯಂಥ ಸಿಹಿ ಬಂದು ಸೇರುತ್ತದೆ, ಬಣ್ಣ ಒಂದು ಛಾಯೆ ಕಪ್ಪಾಗುತ್ತದೆ, ಕಹಿ ಒರಟಾಗುತ್ತದೆ. ಕೊನೆಗೆ ನೀವು ಹೇಳಿದ ರಟ್ಟು. ಈ ನಡುವಿನ ಜೇನಿನ ಹಂತವೇ ಮೋಸದ್ದು. "ಇದು ಮೆತ್ತಗಿದೆ, ಚೆನ್ನಾಗಿದೆ" ಅಂತ ಎಷ್ಟೋ ಜನ ಹಳಸಲನ್ನೇ ಮೆಚ್ಚುತ್ತಾರೆ.

ಬಿಸಿ ಇದನ್ನೆಲ್ಲ ಓಡಿಸುತ್ತದೆ. ಬ್ರೂವರಿಗಳಲ್ಲಿ 3-30-300 ಅನ್ನುವ ಒಂದು ಒರಟು ಲೆಕ್ಕ ಇದೆ. ಸುಮಾರು 32 ಡಿಗ್ರಿಯಲ್ಲಿ 3 ದಿನ, 22 ಡಿಗ್ರಿಯಲ್ಲಿ 30 ದಿನ, 3 ಡಿಗ್ರಿಯಲ್ಲಿ 300 ದಿನ, ಈ ಮೂರರಲ್ಲೂ ಬಿಯರಿಗೆ ಆಗುವ ವಯಸ್ಸು ಹೆಚ್ಚು ಕಡಿಮೆ ಒಂದೇ ಅಂತ. ನಿಮ್ಮ ಎರಡು ಕ್ಯಾನ್ ಒಂದೇ ದಿನ ತುಂಬಿದ್ದಾಗಿದ್ದರೂ ಒಂದು ಎಲ್ಲೋ ಬಿಸಿ ಗೋದಾಮಿನಲ್ಲಿ ಒಂದು ವಾರ ಕುಳಿತಿದ್ದರೆ ಮುಗಿಯಿತು. ಬ್ರೂವರಿಯ ಬಗ್ಗೆ ತೀರ್ಪು ಕೊಡುವ ಮೊದಲು ತಾಜಾ ಕ್ಯಾನ್ ಒಂದನ್ನು ಕುಡಿದು ನೋಡಿ, ಇಲ್ಲದಿದ್ದರೆ ನೀವು ಅಳೆಯುತ್ತಿರುವುದು ಗೋದಾಮನ್ನು.

ಪ್ರಶ್ನೆ: ಕ್ಯಾನಿನ ಬಿಯರ್ ಯಾವಾಗಲೂ ತಗಡಿನ ರುಚಿ. ಬಾಟಲಿಯೇ ಮೇಲು ಅನ್ನುತ್ತೇನೆ. ಒಪ್ಪುತ್ತೀರಾ?

ಇಲ್ಲ. 1935ರ ಜನವರಿ 24ರಂದು ಅಮೆರಿಕದ ರಿಚ್ಮಂಡಿನಲ್ಲಿ ಕ್ರೂಗರ್ ಕಂಪನಿ ಮೊದಲ ಬಾರಿ ಕ್ಯಾನ್ ಬಿಯರ್ ಮಾರಿದಾಗಲೇ ಒಳಗೆ ಲೇಪ ಇತ್ತು. ಈಗಿನ ಅಲ್ಯೂಮಿನಿಯಂ ಕ್ಯಾನಿನಲ್ಲೂ ಬಿಯರ್ ಲೋಹವನ್ನು ಮುಟ್ಟುವುದೇ ಇಲ್ಲ, ನಡುವೆ ಪ್ಲಾಸ್ಟಿಕ್ಕಿನಂಥ ತೆಳು ಪದರ ಇರುತ್ತದೆ. ನಿಮಗೆ ಬರುವ ತಗಡು ಮುಚ್ಚಳದ್ದು, ತುಟಿ ಮತ್ತು ಮೂಗಿಗೆ ತಾಗುವುದು. ಸುರಿದು ಕುಡಿಯಿರಿ, ಹೋಗುತ್ತದೆ.

ಸುರಿದ ಮೇಲೂ ಹೋಗದಿದ್ದರೆ ತೀರ್ಪುಗಾರರ ಒಂದು ಉಪಾಯ ಇದೆ. ಒಂದು ಹನಿಯನ್ನು ಅಂಗೈ ಹಿಂಭಾಗಕ್ಕೆ ತಿಕ್ಕಿ ಮೂಸಿ. ಬಿಯರಿನಲ್ಲಿ ಕಬ್ಬಿಣದ ಅಂಶ ಇದ್ದರೆ ಚರ್ಮದ ಜಿಡ್ಡಿನ ಜೊತೆ ಸೇರಿ ಹಳೇ ನಾಣ್ಯದ ವಾಸನೆ ಎದ್ದು ಬರುತ್ತದೆ. ಆಗ ತಪ್ಪು ನೀರಿನದೋ ಪಾತ್ರೆಯದೋ ಆಗಿರಬೇಕು.

ಇನ್ನು ಬಾಟಲಿ. ಐಸೋ ಆಲ್ಫಾ ಆಮ್ಲದ ಮೇಲೆ ಬೆಳಕು ಬಿದ್ದರೆ ಗಂಧಕದ ಒಂದು ಗಬ್ಬು ವಸ್ತು ಹುಟ್ಟುತ್ತದೆ. ಸ್ಕಂಕ್ ಅನ್ನುವ ಪ್ರಾಣಿ ಹೆದರಿದಾಗ ಬಿಡುವ ದ್ರವಕ್ಕೆ ಹೋಲುವ ವಾಸನೆ ಅದು. ಹಸಿರು, ಬಿಳಿ ಗಾಜು ಇದನ್ನು ತಡೆಯಲಾರವು. ಕಂದು ಗಾಜು ಬಹುಪಾಲು ತಡೆಯುತ್ತದೆ. ಕ್ಯಾನ್ ಪೂರ್ತಿ ತಡೆಯುತ್ತದೆ. 2002ರಲ್ಲಿ ಕೊಲರಾಡೊದ ಆಸ್ಕರ್ ಬ್ಲೂಸ್ ಅನ್ನುವ ಸಣ್ಣ ಬ್ರೂವರಿ ತನ್ನ ಡೇಲ್ಸ್ ಪೇಲ್ ಏಲನ್ನು ಕ್ಯಾನಿಗೆ ತುಂಬಿದಾಗ, ಒಳ್ಳೆಯ ಬಿಯರಿಗೆ ಕ್ಯಾನ್ ಅಂದರೆ ಮೂಗು ಮುರಿಯುವವರೇ ಜಾಸ್ತಿ. ಈಗ ಹಾಪ್ಸ್ ಬಿಯರ್ ಮಾಡುವವರು ಕ್ಯಾನನ್ನೇ ಹುಡುಕುತ್ತಾರೆ.

ಪ್ರಶ್ನೆ: ಸುರಿದಾಗ ಮಸುಕಾಗಿತ್ತು. ಕೆಟ್ಟಿದೆಯಾ?

ಅಷ್ಟಕ್ಕೇ ಅಲ್ಲ. ಹಾಪ್ಸ್ ಜಾಸ್ತಿ ಇದ್ದಾಗ ಅದರ ಪಾಲಿಫಿನಾಲ್‌ಗಳು ಧಾನ್ಯದ ಪ್ರೋಟೀನಿನ ಜೊತೆ ಸೇರಿ ಮಸುಕು ಬರುತ್ತದೆ, ಕೆಲವರು ಬೇಕೆಂದೇ ಹಾಗೆ ಮಾಡುತ್ತಾರೆ. ಆದರೆ ಚೂರು ಚೂರಾಗಿ ತೇಲುತ್ತಿದ್ದರೆ, ಜೊತೆಗೆ ಹುಳಿ ವಾಸನೆ ಬಂದರೆ, ಕ್ಯಾನ್ ತೆರೆದ ಕೂಡಲೇ ಉಕ್ಕಿ ಹರಿದರೆ ಸಿಂಕಿಗೆ ಸುರಿಯಿರಿ.

ಪ್ರಶ್ನೆ: ನನ್ನ ಮೂಗಿಗೆ ಒಂದು ಪೇಲ್ ಏಲ್‌ನಲ್ಲಿ ಈರುಳ್ಳಿ, ಇನ್ನೊಂದರಲ್ಲಿ ಬೆಣ್ಣೆ, ಮತ್ತೊಂದರಲ್ಲಿ (ಕ್ಷಮಿಸಿ) ಬೆಕ್ಕಿನ ಉಚ್ಚೆ ಬಂತು. ಹೇಳಿದರೆ ಎಲ್ಲರೂ ನಗುತ್ತಾರೆ.

ನಗುವವರಿಗಿಂತ ನಿಮ್ಮ ಮೂಗು ಚುರುಕಾಗಿದೆ. ಮೂರೂ ನಿಜ, ಆದರೆ ಮೂರಕ್ಕೂ ಒಂದೇ ಶಿಕ್ಷೆ ಕೊಡಲಾಗದು.

ಬೆಕ್ಕಿನದು ಹಾಪ್ಸಿನ ಗಂಧಕದ ವಸ್ತುಗಳಿಂದ, ಥಯಾಲ್ ಅನ್ನುತ್ತಾರೆ. ಅತಿ ಸ್ವಲ್ಪ ಇದ್ದರೆ ಅದೇ ವಸ್ತು ಕಪ್ಪು ಕರಂಟ್, ಪ್ಯಾಶನ್ ಹಣ್ಣು ಅನಿಸುತ್ತದೆ, ಜಾಸ್ತಿಯಾದರೆ ಬೆಕ್ಕು ಓಡಾಡಿದ ಮೂಲೆ. ಈರುಳ್ಳಿಯೂ ಅದೇ ಗಂಧಕದ ಕುಲ. ಕೆಲವು ತಳಿಗಳಲ್ಲಿ ಜಾಸ್ತಿ, ಬಳ್ಳಿಯಿಂದ ತಡವಾಗಿ ಕೊಯ್ದರೆ ಇನ್ನೂ ಜಾಸ್ತಿ. ಹಾಪ್ಸಿನ ಸ್ವಭಾವವೇ ಹಾಗೆ, ನಾನು ಸ್ವಲ್ಪ ಅಂಕ ಕಳೆದು ಬಿಡುತ್ತೇನೆ. ಬಾಯಿ ತುಂಬ ಈರುಳ್ಳಿಯಾದರೆ ಮಾತ್ರ ಕರುಣೆ ಇಲ್ಲ.

ಬೆಣ್ಣೆಯ ಕಥೆ ಬೇರೆ. ಅದು ಡಯಾಸಿಟೈಲ್, ಯೀಸ್ಟಿನ ಕೆಲಸ ಅರ್ಧಕ್ಕೆ ನಿಂತ ಗುರುತು. ಹಾಪ್ಸ್ ಬಿಯರಿನಲ್ಲಿ ಇದು ಬರಲು ಒಂದು ವಿಚಿತ್ರ ದಾರಿಯೂ ಇದೆ. ಹುದುಗಿ ಮುಗಿಯಿತು ಅಂದುಕೊಂಡು ಡ್ರೈ ಹಾಪ್ಸ್ ಹಾಕುತ್ತಾರೆ. ಹಾಪ್ಸಿನಲ್ಲಿರುವ ಕಿಣ್ವಗಳು ಯೀಸ್ಟ್ ತಿನ್ನಲಾಗದೆ ಬಿಟ್ಟಿದ್ದ ಸಕ್ಕರೆಯನ್ನು ಒಡೆದು ತಿನ್ನುವ ಹಾಗೆ ಮಾಡುತ್ತವೆ. ಯೀಸ್ಟ್ ಮತ್ತೆ ಎದ್ದು ಕುಳಿತು ತಿನ್ನಲು ಶುರು ಮಾಡುತ್ತದೆ. ಇದಕ್ಕೆ ಹಾಪ್ ಕ್ರೀಪ್ ಅಂತ ಹೆಸರು. ಅದು ಮುಗಿಯುವವರೆಗೆ ಕಾಯದೆ ಕ್ಯಾನಿಗೆ ತುಂಬಿದರೆ ಬೆಣ್ಣೆಯೂ ಬರುತ್ತದೆ, ಗ್ಯಾಸೂ ಹೆಚ್ಚುತ್ತದೆ. ಇದು ಅವಸರದ ತಪ್ಪು, ಅಂಕ ಕಳೆಯಿರಿ. ಅಂದಹಾಗೆ, ಬೆಣ್ಣೆ ಇಬ್ಬರಿಗೆ ಸಿಕ್ಕಿ ಮೂರನೆಯವರಿಗೆ ಸಿಗದೇ ಇರಬಹುದು. ಎಲ್ಲರ ಮೂಗೂ ಅದನ್ನು ಒಂದೇ ಹಾಗೆ ಹಿಡಿಯುವುದಿಲ್ಲ. ಇನ್ನು ಒದ್ದೆ ಕಾಲುಚೀಲ ಅಥವಾ ಹಳೇ ಚೀಸಿನ ವಾಸನೆ ಬಂದರೆ ಹಾಪ್ಸೇ ಹಳೆಯದು.

ಪ್ರಶ್ನೆ: ಹೆಸರು ಪೇಲ್, ಗ್ಲಾಸಿನಲ್ಲಿ ತಾಮ್ರದ ಬಣ್ಣ. ಇದೇನು?

ಹೆಸರಿಟ್ಟಾಗ ಪಕ್ಕದಲ್ಲಿದ್ದದ್ದು ಕಂದು ಬಿಯರ್. ಕಟ್ಟಿಗೆಯ ಬೆಂಕಿಯಲ್ಲಿ ಒಣಗಿಸಿದ ಮಾಲ್ಟ್ ಕಂದಾಗುತ್ತಿತ್ತು. ಇಂಗ್ಲೆಂಡಿನಲ್ಲಿ ಕೋಕ್ (ಕಲ್ಲಿದ್ದಲಿನಿಂದ ಮಾಡುವ ಉರುವಲು) ಬಳಸಿ ಹದವಾಗಿ ಒಣಗಿಸಲು ಕಲಿತ ಮೇಲೆ ತಿಳಿ ಬಣ್ಣದ ಮಾಲ್ಟ್ ಬಂತು, 18ನೇ ಶತಮಾನದ ಹೊತ್ತಿಗೆ ಪೇಲ್ ಏಲ್ ಅನ್ನುವ ಹೆಸರೂ ಬಂತು. ಆ ಕಂದಿನ ಪಕ್ಕ ಇಟ್ಟು ನೋಡಿದರೆ ತಾಮ್ರವೂ ತಿಳಿಯೇ.

ಪ್ರಶ್ನೆ: ನುಂಗದೆ ಉಗುಳಿದರೆ ಆಗುವುದಿಲ್ಲವೇ? ವೈನಿನವರು ಹಾಗೇ ಮಾಡುತ್ತಾರಲ್ಲ.

ಧಾರಾಳವಾಗಿ ಉಗುಳಿ. ಬಿಯರಿನ ಮೇಜಿನಲ್ಲಿ ನುಂಗುವ ರೂಢಿ ಇದೆ, ಕಹಿ ಇಳಿದು ಹೋಗುವ ಬಗೆ ಆಗ ಚೆನ್ನಾಗಿ ತಿಳಿಯುತ್ತದೆ ಅಂತ. ಒಂದು ಸಣ್ಣ ಗುಟುಕು ನುಂಗಿ ಉಳಿದದ್ದನ್ನು ಉಗುಳಿದರೂ ಸಾಕು. ಆರು ಬಿಯರ್, ತಲಾ ನೂರು ಮಿಲಿಲೀಟರ್ ಪೂರ್ತಿ ಕುಡಿದರೆ 600 ಆಯಿತು, ಆರನೆಯದಕ್ಕೆ ಬರುವಾಗ ಎಲ್ಲವೂ ಚೆನ್ನಾಗಿ ಕಾಣಲು ಶುರುವಾಗುತ್ತದೆ. ಗಾಡಿ ಓಡಿಸುವವರಾದರೆ ಆ ದಿನ ಮೇಜಿಗೇ ಕೂರಬೇಡಿ.

ಪ್ರಶ್ನೆ: ಕಣ್ಣು ಕಟ್ಟಿದರೂ ನನ್ನ ಇಷ್ಟದ ಪೇಲ್ ಏಲನ್ನು ಗುರುತಿಸುತ್ತೇನೆ ಅಂತ ತಮ್ಮನ ಜೊತೆ ಪಂಥ ಕಟ್ಟಿದ್ದೇನೆ. ಗೆಲ್ಲುತ್ತೇನಾ?

ಬಹುಶಃ ಸೋಲುತ್ತೀರಿ, ಆದರೂ ಆಡಿ. ಎರಡು ಗ್ಲಾಸ್ ಇಟ್ಟು "ಯಾವುದು ನಿನ್ನದು" ಅಂತ ಕೇಳಿದರೆ ಅರ್ಧಕ್ಕರ್ಧ ಅದೃಷ್ಟ. ಮೂರು ಗ್ಲಾಸ್ ಇಡಿ. ಎರಡರಲ್ಲಿ ಒಂದೇ ಬಿಯರ್, ಒಂದರಲ್ಲಿ ಬೇರೆ. ಬೇರೆ ಯಾವುದು ಅಂತ ಹೇಳಬೇಕು. ಸುಮ್ನೆ ಊಹಿಸಿದರೆ ಮೂರರಲ್ಲಿ ಒಂದು ಸಲ ಸರಿಹೋಗುತ್ತದೆ. ಐದು ಸುತ್ತು ಸತತವಾಗಿ ಊಹೆಯಲ್ಲೇ ಗೆಲ್ಲುವ ಸಾಧ್ಯತೆ 243ರಲ್ಲಿ ಒಂದು, ಹಾಗಾಗಿ ಐದಕ್ಕೆ ಐದೂ ಸರಿ ಹೇಳಿದರೆ ತಮ್ಮ ಬಾಯಿ ಮುಚ್ಚಲೇಬೇಕು. ಸುರಿಯುವವನು ಬೇರೆ ಕೋಣೆಯಲ್ಲಿ ಸುರಿಯಲಿ, ಗ್ಲಾಸ್ ತಂದಿಡುವವನಿಗೂ ಯಾವುದರಲ್ಲಿ ಯಾವುದು ಅಂತ ಗೊತ್ತಿರಬಾರದು, ಮುಖ ನೋಡಿ ಕಂಡುಹಿಡಿದುಬಿಡುತ್ತೀರಿ. ಎರಡೂ ಬಿಯರ್ ಒಂದೇ ತಂಪಿನಲ್ಲಿರಲಿ. ಬಣ್ಣದಲ್ಲಿ ವ್ಯತ್ಯಾಸ ಇದ್ದರೆ ಸ್ಟೀಲ್ ಲೋಟ ಬಳಸಿ. ಎರಡನ್ನೂ ಒಂದೇ ವಯಸ್ಸಿನ ಕ್ಯಾನಿನಿಂದ ತೆಗೆಯಿರಿ. ಇಲ್ಲದಿದ್ದರೆ ನೀವು ಹಿಡಿದದ್ದು ಬ್ರ್ಯಾಂಡನ್ನಲ್ಲ, ಹಳಸಲನ್ನು ಅಂತ ತಮ್ಮ ತಕರಾರು ತೆಗೆಯುತ್ತಾನೆ, ತೆಗೆದರೆ ಅವನದೇ ಸರಿ.

ಪ್ರಶ್ನೆ: ತೆರೆದ ಕ್ಯಾನಿನಲ್ಲಿ ಅರ್ಧ ಉಳಿದರೆ ನಾಳೆಗೆ ಇಡಬಹುದಾ?

ಇಡಬಹುದು. ಗಿಡಕ್ಕೆ ಹಾಕಲು.